ಅಪ್‌ಡೇಟ್: ‘ಗಿಟ್’ ಎಂಬ ಇಂಗ್ಲಿಷ್ ಬೈಗುಳದ ಮೂಲ ತಿಳಿಯಿತು

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನನ್ನ ನೆರೆಮನೆಯ ಹಿರಿಯರು ತಮ್ಮ ಗೆಳೆಯರನ್ನು ಎದುರಿಗೇ ‘ಓಲ್ಡ್ ಗಿಟ್’ ಎಂದು ಕರೆದಾಗ ಇಬ್ಬರೂ ನಕ್ಕಿದ್ದೇಕೆ, ಅದು ಬೈಗುಳವಲ್ಲವೇ ಎಂದು ಹೋದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಇದು ‘ಗೆಟ್’ ಎಂಬ ಹಳೆಯ ಪದದ ರೂಪಾಂತರ ಎಂದವರ ಮಾತೇ ಸರಿಯಾಗಿತ್ತು. ನಿಘಂಟುಗಳೂ ಅದನ್ನೇ ಹೇಳುತ್ತವೆ. ಪಡೆಯುವುದು ಎಂಬ ಕ್ರಿಯಾಪದದಿಂದ ‘ಪಡೆದ ಸಂತಾನ’ ಎಂಬ ಅರ್ಥ ಬಂದು, ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನಲ್ಲಿ ಅದು ಹಾದರಕ್ಕೆ ಹುಟ್ಟಿದವನೆಂಬ ಬೈಗುಳವಾಗಿ, ಕಾಲಕ್ರಮೇಣ ಕಟುತ್ವ ಕಳೆದುಕೊಂಡು ಮೂರ್ಖ ಅಥವಾ ಸಿಡುಕನೆಂಬಲ್ಲಿಗೆ ಇಳಿದಿದೆ. ನಮ್ಮ ‘ಹಡೆ’ ಕೂಡ ‘ಪಡೆ’ಯಿಂದಲೇ ಬಂದದ್ದೆಂದು ನೆನಪಾದಾಗ ನನಗೆ ಬಹಳ ಸಂತೋಷವಾಯಿತು. ಬಸುರಿ ಒಂಟೆ ಎಂಬ ಅರಬ್ಬಿ ಪದವೇ ಮೂಲವೆಂಬ ಸಲಹೆಗೆ ಆಧಾರ ಸಿಗಲಿಲ್ಲ.

ಲಿವರ್‌ಪೂಲ್‌ನಲ್ಲಿ ‘ಗೆಟ್’ ರೂಪವೇ ಉಳಿದಿದೆ; 1968ರ ಬೀಟಲ್ಸ್ ಹಾಡೊಂದರಲ್ಲಿ ಅದೇ ಊರಿನ ಜಾನ್ ಲೆನನ್ ಹದಿನಾರನೇ ಶತಮಾನದ ಇಂಗ್ಲಿಷ್ ನಾವಿಕ ಸರ್ ವಾಲ್ಟರ್ ರ್‍ಯಾಲಿಯನ್ನು ಹಾಗೆಯೇ ಬೈದಿದ್ದಾರೆ. ಬ್ರಿಟನ್ನಿನ ಕೆಳಮನೆಯಲ್ಲಿ ಸಭಾಧ್ಯಕ್ಷರು ಆಕ್ಷೇಪಿಸಿರುವ ಪದಗಳಲ್ಲಿ ‘ಗಿಟ್’ ಕೂಡ ಇದೆ. ನಾನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ದಿನವೂ ಬಳಸುತ್ತಿದ್ದ, ಪ್ರೋಗ್ರಾಮುಗಳ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ತಂತ್ರಾಂಶಕ್ಕೆ 2005ರಲ್ಲಿ ಅದನ್ನು ರೂಪಿಸಿದ ಲಿನಕ್ಸ್ ಖ್ಯಾತಿಯ ಲಿನಸ್ ಟೋರ್ವಾಲ್ಡ್ಸ್ ಇದೇ ಪದವನ್ನಿಟ್ಟು, ತನ್ನ ಯೋಜನೆಗಳಿಗೆಲ್ಲ ತನ್ನದೇ ಹೆಸರಿಡುವುದಾಗಿ ಹೇಳಿದ್ದರೆಂಬುದು ನನಗೆ ನಿಜಕ್ಕೂ ಅಚ್ಚರಿ ತಂದಿತು.

ನೆರೆಯವರನ್ನೂ ನಿನ್ನೆ ಕೇಳಿದೆ. ನಲವತ್ತು ವರ್ಷದ ಸ್ನೇಹಿತನಿಗೆ ಹೇಳಬಹುದು, ಅಪರಿಚಿತರಿಗೆ ಹೇಳಿದರೆ ಜಗಳವಾಗುತ್ತದೆ ಎಂದರು. ನಮ್ಮ ‘ಮುದಿಗೂಬೆ’ಯನ್ನೂ ನಾವು ಬಳಸುವುದು ಹೀಗೆಯೇ.