ಹುಣ್ಣಿಮೆಗೆ ಸೂರ್ಯ ಚಂದ್ರ ಎದುರು-ಬದುರು, ಆದರೂ ನೀರು ಏರುವುದು ಯಾಕೆ?

ಪ್ರಶ್ನೆ (ಶಿರಿಯಾ ಹೊಳೆ ಬದಿಯ ತೆಂಗು ಕೃಷಿಕರು):
ಸರ್, ನೀವು ಬಂದರಿನಲ್ಲಿ ನೀರಿನ ಮಟ್ಟ ಅಳೆಯುವ ಕೆಲಸದಲ್ಲಿದ್ದವರು ಅಂತ ಗ್ರೂಪಿನಲ್ಲಿ ಯಾರೋ ಹೇಳಿದರು, ಅದಕ್ಕೆ ಕೇಳುವುದು. ನಮ್ಮ ತೋಟ ಅಳಿವೆಯಿಂದ ಮೂರು ಕಿಲೋಮೀಟರ್ ಒಳಗೆ. ಮಾರ್ಚ್ ಕಳೆದರೆ ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ಹೊಳೆಗೆ ಪಂಪು ಹಾಕುವ ಹಾಗಿಲ್ಲ, ನಾಲಗೆಗಿಟ್ಟರೆ ಉಪ್ಪು. ಅಷ್ಟಮಿಗೆ ಪರವಾಗಿಲ್ಲ. ಮಗಳ ಪುಸ್ತಕದಲ್ಲಿ ಚಂದ್ರ ಸೂರ್ಯ ಸೇರಿ ಸಮುದ್ರವನ್ನು ಎಳೆಯುತ್ತಾರೆ ಅಂತ ಉಂಟು. ಅಮಾವಾಸ್ಯೆಗೆ ಇಬ್ಬರೂ ಒಂದೇ ಕಡೆ, ಒಪ್ಪಿದೆ. ಹುಣ್ಣಿಮೆಗೆ ಒಬ್ಬ ಈಚೆ, ಒಬ್ಬ ಆಚೆ. ಹಗ್ಗಜಗ್ಗಾಟದ ಹಾಗೆ ಸಮಸಮ ಆಗಿ ನೀರು ಏರಲೇಬಾರದಲ್ಲ? ಮಗಳು ಕೇಳಿದಳು, ನಾನು ಹಟ್ಟಿ ಕಡೆ ಎದ್ದುಹೋದೆ.

ಉತ್ತರ:
ಮಗಳ ಪ್ರಶ್ನೆ ಸರಿಯಾಗಿಯೇ ಉಂಟು, ತಪ್ಪಿರುವುದು "ಎಳೆಯುತ್ತಾರೆ" ಎಂಬ ಮಾತಿನಲ್ಲಿ. ಬರೀ ಎಳೆತದ ಲೆಕ್ಕವಾದರೆ ಚಂದ್ರ ಲೆಕ್ಕಕ್ಕೇ ಇಲ್ಲ. ಭೂಮಿಯನ್ನು ಸೂರ್ಯ ಎಳೆಯುವ ಬಲ ಚಂದ್ರನದಕ್ಕಿಂತ ಸುಮಾರು 180 ಪಟ್ಟು ಹೆಚ್ಚು. ಹಾಗಿದ್ದರೂ ಭರತ-ಇಳಿತದಲ್ಲಿ ಚಂದ್ರನೇ ಯಜಮಾನ. ಯಾಕೆಂದರೆ ಇಲ್ಲಿ ಬೇಕಾದ್ದು ಎಳೆತವಲ್ಲ, ಭೂಮಿಯ ಈ ಬದಿಗೂ ಆ ಬದಿಗೂ ಬೀಳುವ ಎಳೆತದ ವ್ಯತ್ಯಾಸ.

ಕುಂಬಳೆ ಜಾತ್ರೆಯ ಬೆಡಿ (ಸಿಡಿಮದ್ದು) ನೋಡಲು ಮಗ, ಅಪ್ಪ, ಅಜ್ಜ ಒಟ್ಟಿಗೆ ಹೊರಟರು ಅಂತ ಇಟ್ಟುಕೊಳ್ಳಿ. ಮಗ ಓಡುತ್ತಾನೆ, ಅಪ್ಪ ನಡೆಯುತ್ತಾನೆ, ಅಜ್ಜ ನಿಧಾನ. ಮೂವರೂ ಹೋಗುವುದು ಕುಂಬಳೆಗೇ. ಆದರೆ ನಡುವಿನ ಅಪ್ಪನಿಗೆ ಕಾಣುವುದೇನು? ಮಗ ಮುಂದಕ್ಕೆ ದೂರ ಆಗುತ್ತಿದ್ದಾನೆ, ಅಜ್ಜ ಹಿಂದಕ್ಕೆ ದೂರ ಆಗುತ್ತಿದ್ದಾರೆ. ಅಜ್ಜನನ್ನು ಹಿಂದಕ್ಕೆ ಎಳೆದವರು ಯಾರೂ ಇಲ್ಲ. ಹಾಗೆಯೇ ಚಂದ್ರನ ಕಡೆಯ ನೀರು ಮಗ, ಭೂಮಿಯ ನಡು ಅಪ್ಪ, ಆಚೆ ಬದಿಯ ನೀರು ಅಜ್ಜ. ಆದ್ದರಿಂದ ಉಬ್ಬು ಎರಡು, ಚಂದ್ರನ ಕಡೆಗೊಂದು, ಬೆನ್ನ ಕಡೆಗೊಂದು. ಸೂರ್ಯನಿಂದಲೂ ಹೀಗೆಯೇ ಎರಡು. ಹುಣ್ಣಿಮೆಗೆ ಸೂರ್ಯ ಆಚೆ ನಿಂತರೂ ಅವನ ಎರಡು ಉಬ್ಬು ಚಂದ್ರನ ಎರಡು ಉಬ್ಬಿನ ಮೇಲೆಯೇ ಬಂದು ಕೂರುತ್ತವೆ. ಹಗ್ಗಜಗ್ಗಾಟ ಇಲ್ಲವೇ ಇಲ್ಲ. ಅಷ್ಟಮಿಗೆ ಮಾತ್ರ ಇಬ್ಬರೂ ಲಂಬಕೋನದಲ್ಲಿ ನಿಲ್ಲುತ್ತಾರೆ, ಒಬ್ಬನ ಉಬ್ಬು ಇನ್ನೊಬ್ಬನ ತಗ್ಗಿಗೆ ಬೀಳುತ್ತದೆ.

ಲೆಕ್ಕ ಬೇಕಾದವರಿಗೆ: ಈ ವ್ಯತ್ಯಾಸ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ಸೂರ್ಯ ಚಂದ್ರನಿಗಿಂತ 2.7 ಕೋಟಿ ಪಟ್ಟು ಭಾರ, ಆದರೆ ಸುಮಾರು 390 ಪಟ್ಟು ದೂರ. 390ರ ಘನ ಹತ್ತಿರ ಹತ್ತಿರ 5.9 ಕೋಟಿ. 2.7ನ್ನು 5.9ರಿಂದ ಭಾಗಿಸಿದರೆ 0.46. ಚಂದ್ರನ ಪಾಲು 100 ಅಂದರೆ ಸೂರ್ಯನದ್ದು 46. ಹುಣ್ಣಿಮೆ, ಅಮಾವಾಸ್ಯೆಗೆ 146, ಅಷ್ಟಮಿಗೆ 54. ನಿಮ್ಮ ಪಂಪಿನ ಕಥೆ ಈ ಎರಡು ಸಂಖ್ಯೆಗಳಲ್ಲಿದೆ.

ಪ್ರಶ್ನೆ (ಹೈಸ್ಕೂಲ್ ಟೀಚರ್, ಕಾಸರಗೋಡು):
ಸರ್, ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ: ಸಮುದ್ರವನ್ನೇ ಎತ್ತುವ ಚಂದ್ರ ಅನಂತಪುರದ ಕೆರೆಯನ್ನು ಯಾಕೆ ಎತ್ತುವುದಿಲ್ಲ? ಕೆರೆ ಚಿಕ್ಕದು ಅಂತ ಹೇಳಿ ದಾಟಿಸುತ್ತೇನೆ, ನನಗೇ ಸಮಾಧಾನ ಇಲ್ಲ.

ಉತ್ತರ:
ಟೀಚರ್, ಚಂದ್ರ ಸಮುದ್ರವನ್ನೂ ಎತ್ತುವುದಿಲ್ಲ. ಭೂಮಿ ನೀರನ್ನು ಹಿಡಿದಿಟ್ಟ ಬಲದ ಎದುರು ಈ ವ್ಯತ್ಯಾಸದ ಬಲ ಸುಮಾರು ಒಂದು ಕೋಟಿಗೆ ಒಂದು ಪಾಲು. ಅಷ್ಟರಲ್ಲಿ ಒಂದು ಚೊಂಬು ನೀರೂ ಮೇಲೇಳದು. ಆದರೆ ಚಂದ್ರ ನೆತ್ತಿಯ ಮೇಲಿಲ್ಲದ ಕಡೆ ಇದೇ ಬಲ ಓರೆಯಾಗಿ ಬೀಳುತ್ತದೆ, ನೀರನ್ನು ಅಡ್ಡಕ್ಕೆ ಜರುಗಿಸುತ್ತದೆ. ಅಡ್ಡಕ್ಕೆ ಜರುಗುವ ನೀರನ್ನು ತಡೆದು ಹಿಡಿಯುವವರಿಲ್ಲ. ಸಾವಿರಾರು ಕಿಲೋಮೀಟರ್ ಉದ್ದಕ್ಕೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಜರುಗಿದ ನೀರೆಲ್ಲ ಒಂದು ಕಡೆ ಸೇರಿ ಮಟ್ಟ ಏರುತ್ತದೆ. ಕೆರೆಯಲ್ಲಿ ಜರುಗಿ ಸೇರಲು ನೀರೆಲ್ಲಿದೆ? ನಿಮ್ಮ ಉತ್ತರ ತಪ್ಪಲ್ಲ, ಅರ್ಧ.

ಇನ್ನೊಂದು ಹೇಳಿ ಮಕ್ಕಳಿಗೆ, ಖುಷಿಪಡುತ್ತಾರೆ: ಗಟ್ಟಿ ನೆಲವೂ ದಿನಕ್ಕೆರಡು ಸಲ ಒಂದಡಿಯಷ್ಟು ಏರಿಳಿಯುತ್ತದೆ. ಶಾಲೆ, ಮರ, ನಾವು ಎಲ್ಲ ಒಟ್ಟಿಗೆ ಏರುವುದರಿಂದ ಗೊತ್ತಾಗುವುದಿಲ್ಲ.

ಪ್ರಶ್ನೆ (ದೋಣಿಗೆ ಹೋಗುವ ಹುಡುಗ, ಮಂಜೇಶ್ವರ):
ಚಂದ್ರ ನೆತ್ತಿಗೆ ಬಂದಾಗ ಭರತ ಪೂರ್ತಿ ಆಗಬೇಕಲ್ಲ ಸಾರ್? ಕಡಪ್ಪುರದಲ್ಲಿ (ಕಡಲ ಬದಿಯಲ್ಲಿ) ನಿಂತು ನೋಡಿದರೆ ಹಾಗೆ ಇಲ್ಲ.

ಉತ್ತರ:
ಇಲ್ಲ ತಮ್ಮ, ಇರುವುದೂ ಇಲ್ಲ. ನ್ಯೂಟನ್ 1687ರಲ್ಲಿ ಕಾರಣ ಹೇಳಿದ, ಆದರೆ ಅವನ ಚಿತ್ರದಲ್ಲಿ ಭೂಮಿ ಪೂರ್ತಿ ನೀರೇ. ಉಬ್ಬು ಚಂದ್ರನ ಜೊತೆಯಲ್ಲೇ ಓಡಬೇಕಾದರೆ ಸಮಭಾಜಕದಲ್ಲಿ ಗಂಟೆಗೆ 1600 ಕಿ.ಮೀ. ವೇಗ ಬೇಕು. ನಾಲ್ಕು ಕಿ.ಮೀ. ಆಳದ ಸಮುದ್ರದಲ್ಲಿ ಅಂಥ ಅಲೆಗೆ ಸಿಗುವುದು 700 ಚಿಲ್ಲರೆ. ಮೇಲಿಂದ ಆಫ್ರಿಕಾ, ಭಾರತ ಅಂತ ಅಡ್ಡಗೋಡೆಗಳು. ಹಾಗಾಗಿ ನೀರು ಬಟ್ಟಲಲ್ಲಿ ತುಳುಕಿದ ಹಾಗೆ ತನ್ನದೇ ರೀತಿಯಲ್ಲಿ ತುಳುಕುತ್ತದೆ. ಇದನ್ನು ಗಣಿತಕ್ಕೆ ತಂದವನು 1770ರ ದಶಕದಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್. ತಾಳ ಸೂರ್ಯ ಚಂದ್ರರದ್ದು, ಆದರೆ ಎಷ್ಟು ಹೊತ್ತು ತಡ, ಎಷ್ಟು ಎತ್ತರ ಎನ್ನುವುದು ಆಯಾ ಕರಾವಳಿಯದ್ದು. ಮಂಗಳೂರಲ್ಲಿ ಒಂದೂವರೆ ಮೀಟರ್ ಆಸುಪಾಸು, ಕೊಚ್ಚಿಯಲ್ಲಿ ಒಂದು ಮೀಟರ್. ಅದೇ ಅರಬ್ಬಿ ಸಮುದ್ರ ಗುಜರಾತಿನ ಖಂಭಾತ್ ಕೊಲ್ಲಿಯ ಕೊರಳಿಗೆ ಹೊಕ್ಕು ಹತ್ತು ಮೀಟರ್ ಏರುತ್ತದೆ.

ನಾವು ಅಳೆಯುತ್ತಿದ್ದ ರೀತಿ ಹೇಳುತ್ತೇನೆ. ಜೆಟ್ಟಿಯ ಪಕ್ಕ ನೆಟ್ಟಗೆ ಒಂದು ದಪ್ಪ ಪೈಪು, ತಳದಲ್ಲಿ ಚಿಕ್ಕ ತೂತು. ಹೊರಗಿನ ಅಲೆ ಆ ತೂತಿನಲ್ಲಿ ನುಗ್ಗುವಷ್ಟರಲ್ಲಿ ಹಿಂದೆ ಹೋಗಿರುತ್ತದೆ, ನಿಧಾನಕ್ಕೆ ಏರುವ ಭರತ ಮಾತ್ರ ಒಳಗೆ ಬರುತ್ತದೆ. ಒಳಗೊಂದು ತೇಲು, ಅದಕ್ಕೆ ತಂತಿ, ತಂತಿಯ ತುದಿಗೆ ಪೆನ್ನು, ತಿರುಗುವ ಡ್ರಮ್ಮಿನ ಮೇಲೆ ಕಾಗದ. ವಾರದ ಕಾಗದ ಬಿಡಿಸಿದರೆ ನಮ್ಮ ಕರಾವಳಿಯ ಗೀಟು ತಕ್ಷಣ ಗುರುತಾಗುತ್ತದೆ: ದಿನಕ್ಕೆ ಎರಡು ಗುಡ್ಡ, ಒಂದು ದೊಡ್ಡದು, ಒಂದು ಕುಳ್ಳ. ಚಂದ್ರ ಸಮಭಾಜಕದ ಮೇಲೆಯೇ ನಡೆಯದೆ ಉತ್ತರಕ್ಕೆ, ದಕ್ಷಿಣಕ್ಕೆ ವಾಲುವುದರಿಂದ ಹಾಗೆ. ದೊಡ್ಡ ಗುಡ್ಡಗಳು ಹುಣ್ಣಿಮೆಯ ದಿನವೇ ಬರುವುದೂ ಅಪರೂಪ, ಒಂದೆರಡು ದಿನ ತಡ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ಕಂಡು ಪೆನ್ನು ಸಿಕ್ಕಿಹಾಕಿಕೊಂಡಿದೆ ಅಂತ ರಾತ್ರಿ ಟಾರ್ಚು ಹಿಡಿದು ಪೈಪಿನೊಳಗೆ ಇಣುಕಿದ್ದೆ.

ಪ್ರಶ್ನೆ (ಕಾಸರಗೋಡು ಕಡಪ್ಪುರದ ಒಬ್ಬರು):
ಹಾಗಾದರೆ ಗಾಳಿ ಮಳೆ ಇಲ್ಲದೆ ಮನೆ ಅಂಗಳಕ್ಕೆ ನೀರು ನುಗ್ಗುತ್ತದಲ್ಲ, ಅದೂ ಚಂದ್ರನದ್ದೇ ಕೆಲಸವಾ?

ಉತ್ತರ:
ಅದು ಕಳ್ಳಕಡಲ್. ಹಿಂದೂ ಮಹಾಸಾಗರದ ದೂರದ ದಕ್ಷಿಣದಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಸಾಗಿ ಇಲ್ಲಿಗೆ ಬಂದು ಬಡಿಯುವುದು. ಚಂದ್ರನಿಗೆ ಸಂಬಂಧವಿಲ್ಲ, ಆದರೆ ಹುಣ್ಣಿಮೆಯ ಭರತದ ಮೇಲೆ ಬಂದರೆ ಅಂಗಳ ಬಿಡುವುದಿಲ್ಲ. ಹೈದರಾಬಾದಿನ ಇನ್‌ಕಾಯಿಸ್ (ಕೇಂದ್ರ ಸರಕಾರದ ಸಾಗರ ಮಾಹಿತಿ ಕೇಂದ್ರ) ಎಚ್ಚರಿಕೆ ಕೊಡುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಪ್ರಶ್ನೆ (ಮತ್ತೆ ಶಿರಿಯಾದ ಕೃಷಿಕರು):
ಮಗಳಿಗೆ ಮಗ-ಅಪ್ಪ-ಅಜ್ಜ ಹೇಳಿದೆ, ಒಪ್ಪಿದಳು. ಈಗ ನನ್ನ ಪಂಪಿಗೆ ಏನಾದರೂ ಹೇಳಿ. ಯಾವ ಹೊತ್ತಿಗೆ ಹಾಕಲಿ?

ಉತ್ತರ:
ಮೊದಲು ನೀರು ಎಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ಮೇಲಕ್ಕೆತ್ತಿ ಕಟ್ಟಿ. ಸಮುದ್ರದ ಒಂದು ಲೀಟರ್ ನೀರಲ್ಲಿ 35 ಗ್ರಾಂ ಉಪ್ಪು, ಹೊಳೆ ನೀರಿಗಿಂತ 25 ಗ್ರಾಂ ಹೆಚ್ಚು ಭಾರ. ಅದು ತಳ ಹಿಡಿದು ಬೆಣೆಯ ಹಾಗೆ ಒಳನುಗ್ಗುತ್ತದೆ, ಸಿಹಿನೀರು ಮೇಲೆ ಉಳಿಯುತ್ತದೆ. ಬೇಸಗೆಯಲ್ಲಿ ಮೇಲಿನಿಂದ ಹೊಳೆ ಒತ್ತುವುದು ಕಡಿಮೆ, ಹಾಗಾಗಿ ಬೆಣೆ ದೂರ ಬರುತ್ತದೆ. ಬಾವಿಕ್ಕರೆಯಲ್ಲಿ ಅಡ್ಡಗಟ್ಟು ಆಗುವ ಮೊದಲು ಬೇಸಗೆಯಲ್ಲಿ ಕಾಸರಗೋಡು ಪೇಟೆಯ ನಳ್ಳಿ ನೀರು ಉಪ್ಪಾಗುತ್ತಿದ್ದದ್ದು ನೆನಪಿದೆಯಲ್ಲ, ಅದೂ ಇದೇ.

ಹೊತ್ತು ನೋಡಲು ಯಾವ ಯಂತ್ರವೂ ಬೇಡ. ಇವತ್ತು ಕಡವಿನ ಕಲ್ಲಿನ ಹತ್ತಿರ ಇಳಿತ ನಿಂತು ನೀರು ತಿರುಗುವ ಗಂಟೆ ಬರೆದಿಡಿ, ಅದಕ್ಕಿಂತ ಒಂದು ಗಂಟೆ ಮೊದಲು ಪಂಪು. ನಾಳೆಗೆ 50 ನಿಮಿಷ ಸೇರಿಸಿ, ಪಂಚಾಂಗದ ಲೆಕ್ಕದಲ್ಲಿ ಎರಡು ಘಳಿಗೆ ಚಿಲ್ಲರೆ. ಭೂಮಿ ಒಂದು ಸುತ್ತು ಬರುವಷ್ಟರಲ್ಲಿ ಚಂದ್ರ ಮುಂದೆ ಹೋಗಿರುತ್ತಾನೆ, ಅವನನ್ನು ಹಿಡಿಯಲು ಬೇಕಾದ ಹೊತ್ತು ಅದು. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ 40 ನಿಮಿಷ ಸೇರಿಸಿದರೆ ಸಾಕು, ಅಷ್ಟಮಿ ಹತ್ತಿರ ಒಂದು ಗಂಟೆಗೂ ಮೇಲೆ.

(ಕೃಷಿಕರು): ಬರೆದಿಡುವ ಕೆಲಸ ಮಗಳಿಗೆ ಕೊಟ್ಟೆ. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿಯ ಕೆಳಗೆ 10.40 ಅಂತ ಗೀಚಿದ್ದಾಳೆ.

ಉತ್ತರ: ಹದಿನೈದು ದಿನ ಬಿಡದೆ ಗೀಚಲಿ, ಆಮೇಲೆ ಆ ಪುಟದ ಫೋಟೋ ಇಲ್ಲಿ ಹಾಕಿ.