ಜಾಸ್ತಿ ತಿಂದ ಪ್ರೋಟೀನ್ ಎಲ್ಲಿಗೆ ಹೋಗುತ್ತದೆ?

ಗರಡಿ ಹುಡುಗ, ದಾವಣಗೆರೆ:
ನನ್ನ ತೂಕ 70 ಕೆಜಿ. ಮೊಟ್ಟೆ, ಚಿಕನ್, ಹಾಲು, ವೇ ಪೌಡರ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಎಲ್ಲಾ ಸೇರಿ ದಿನಕ್ಕೆ 180 ಗ್ರಾಂ ಪ್ರೋಟೀನ್ ಆಗುತ್ತದೆ. ಮೊನ್ನೆ ರಕ್ತ ಪರೀಕ್ಷೆ ಮಾಡಿಸಿದೆ. ಯೂರಿಯಾ 46 ಬಂದಿದೆ, 40ರೊಳಗೆ ಇರಬೇಕಂತೆ. ಕಿಡ್ನಿ ಹೇಗೆ ಸೋಸುತ್ತಿದೆ ಅಂತ ನೋಡುವ ಇನ್ನೊಂದು ಕಸ, ಕ್ರಿಯಾಟಿನಿನ್, 1.0. ಪೌಡರಿನಿಂದ ಕಿಡ್ನಿ ಹಾಳಾಗುತ್ತದೆ ಅಂತ ಅಮ್ಮ ಹೆದರಿದ್ದಾರೆ. ಜಾಸ್ತಿ ತಿಂದದ್ದು ಸ್ನಾಯುವಿಗೆ ಹೋಗುತ್ತದೆ, ಮಿಕ್ಕ ಪ್ರೋಟೀನ್ ಮೂತ್ರದಲ್ಲಿ ಹೋಗುತ್ತದೆ ಅಂತ ಕೋಚ್ ಹೇಳುತ್ತಾರೆ. ಯಾರ ಮಾತು ಸರಿ?

ಕುಂದವಾಡ ಕೆರೆ ವಾಕರ್:
ಅಮ್ಮನ ಮಾತು ಕೇಳು ತಮ್ಮಾ. ನಮ್ಮೂರಿನ ಹಳೇ ಪೈಲ್ವಾನರು ಹಾಲು, ಬಾದಾಮಿ, ತುಪ್ಪ ತಿಂದು ಸಾಮು ಮಾಡಿದವರು. ಡಬ್ಬಿ ನೋಡಿದವರಲ್ಲ.

ಲ್ಯಾಬ್ ಮೇಡಂ:
ಕೋಚ್ ಹೇಳಿದ ಎರಡೂ ಮಾತು ಸರಿಯಿಲ್ಲ. ಚೆನ್ನಾಗಿರುವ ಕಿಡ್ನಿ ಪ್ರೋಟೀನನ್ನು ಹೊರಗೆ ಬಿಡುವುದೇ ಇಲ್ಲ ಅನ್ನಬಹುದು. ಮೂತ್ರದಲ್ಲಿ ಹೋಗುವುದು ಯೂರಿಯಾ.

ತಿಂದ ಪ್ರೋಟೀನ್ ಒಡೆದು ಅಮೈನೋ ಆಮ್ಲ ಆಗುತ್ತದೆ. ಕೊಬ್ಬನ್ನು ಕೂಡಿಡಲು ದೇಹದಲ್ಲಿ ಜಾಗ ಇದೆ, ಸಕ್ಕರೆಗೂ ಲಿವರಿನಲ್ಲಿ, ಸ್ನಾಯುವಿನಲ್ಲಿ ಸ್ವಲ್ಪ ಇದೆ. ಅಮೈನೋ ಆಮ್ಲಕ್ಕೆ ಅಂಥ ಜಾಗ ಇಲ್ಲ. ಬೇಕಾದಷ್ಟು ಬಳಸಿ, ಮಿಕ್ಕಿದ್ದನ್ನು ಲಿವರ್ ಬಿಡಿಸುತ್ತದೆ. ಸಾರಜನಕದ ಭಾಗ ಕಳಚಿದಾಗ ಅಮೋನಿಯಾ ಬರುತ್ತದೆ. ಅದು ಮೆದುಳಿಗೆ ವಿಷ. ಹಾಗಾಗಿ ಲಿವರ್ ಅದನ್ನು ಯೂರಿಯಾ ಮಾಡಿ ರಕ್ತಕ್ಕೆ ಬಿಡುತ್ತದೆ, ಕಿಡ್ನಿ ಸೋಸಿ ಹೊರಗೆ ಹಾಕುತ್ತದೆ. ಈ ಯೂರಿಯಾ ಚಕ್ರವನ್ನು 1932ರಲ್ಲಿ ಕ್ರೆಬ್ಸ್ ಮತ್ತು ಹೆನ್ಸೆಲೈಟ್ ತೋರಿಸಿಕೊಟ್ಟರು. ಉಳಿದ ಇಂಗಾಲದ ಭಾಗ ಗ್ಲೂಕೋಸ್ ಆಗಬಹುದು, ಇಲ್ಲವೇ ನೇರವಾಗಿ ಉರಿದು ಶಕ್ತಿ ಕೊಡಬಹುದು. ಒಟ್ಟು ಊಟವೇ ಜಾಸ್ತಿಯಾದರೆ ಮೈಯಲ್ಲಿ ಕೊಬ್ಬು ಏರುತ್ತದೆ.

100 ಗ್ರಾಂ ಪ್ರೋಟೀನಿನಲ್ಲಿ ಸುಮಾರು 16 ಗ್ರಾಂ ಸಾರಜನಕ. ಅಷ್ಟೂ ಯೂರಿಯಾ ಆದರೆ 34 ಗ್ರಾಂ. ನೀವು 180 ತಿನ್ನುತ್ತೀರಿ, 46 ಬಂದದ್ದು ಅದರಿಂದಲೇ ಇರಬಹುದು. ಬೇಸಿಗೆಯಲ್ಲಿ ಬೆವರು ಸುರಿದು ನೀರು ಕಡಿಮೆ ಕುಡಿದರೂ ಯೂರಿಯಾ ಏರುತ್ತದೆ. ಅದೊಂದನ್ನೇ ನೋಡಿ ಕಿಡ್ನಿ ಹೋಯಿತು ಅನ್ನಬಾರದು.

ಪಿಬಿ ರೋಡ್ ಟ್ರೈನರ್:
ಮೇಡಂ, ಪ್ರೋಟೀನ್ ಇಲ್ಲದೆ ಬಾಡಿ ಹೇಗೆ ಬರುತ್ತದೆ? ಒಂದು ಸಲಕ್ಕೆ 30 ಗ್ರಾಂ ಮಾತ್ರ ಹೀರಿಕೊಳ್ಳುತ್ತದೆ ಅಂತಲೇ ನಾವು ಭಾಗ ಮಾಡಿ ಕೊಡುವುದು.

ಲ್ಯಾಬ್ ಮೇಡಂ:
ಕರುಳಿಗೆ ಅಂಥ ಮಿತಿ ಇಲ್ಲ ಸರ್. ಹೊತ್ತು ಜಾಸ್ತಿ ಹಿಡಿದರೂ ಹೆಚ್ಚು ಕಡಿಮೆ ಎಲ್ಲವನ್ನೂ ಹೀರುತ್ತದೆ. ಸ್ನಾಯುವಿನ ಲೆಕ್ಕ ನೋಡಿ. ಅದರಲ್ಲಿ ಮುಕ್ಕಾಲು ಪಾಲು ನೀರೇ. 1 ಕೆಜಿ ಸ್ನಾಯುವಿನಲ್ಲಿ ಪ್ರೋಟೀನ್ ಸುಮಾರು 200 ಗ್ರಾಂ. ತಿಂಗಳಿಗೆ 1 ಕೆಜಿ ಬೆಳೆಸಿದರೂ ದಿನಕ್ಕೆ ಅಲ್ಲಿ ಕೂರುವುದು 7 ಗ್ರಾಂ.

ಪಿಬಿ ರೋಡ್ ಟ್ರೈನರ್:
ಹಂಗಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವ ಕೆಜಿಗೆ 0.83 ಗ್ರಾಂ ಭಾರ ಎತ್ತುವವನಿಗೆ ಸಾಲುತ್ತದಾ? 2018ರಲ್ಲಿ 49 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆಯಲ್ಲಿ ಕೆಜಿಗೆ 1.6 ಗ್ರಾಂ ಬಂದಿದೆ.

ಲ್ಯಾಬ್ ಮೇಡಂ:
ಸರಿ, 1.6 ಇರಲಿ. ಅದನ್ನು ದಾಟಿದ ಮೇಲೆ ಸರಾಸರಿಯಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ ಅಂತಲೂ ಅದೇ ವಿಶ್ಲೇಷಣೆ ಹೇಳುತ್ತದೆ. 70 ಕೆಜಿಗೆ 112 ಗ್ರಾಂ ಆಯಿತು. ಮಿಕ್ಕ 68 ಗ್ರಾಂ ದುಡ್ಡು ಕೊಟ್ಟು ತಂದದ್ದು. ದೇಹ ಅದನ್ನು ಅನ್ನದ ಹಾಗೆ ಉರಿಸಿಬಿಡುತ್ತದೆ. ನನಗೆ ಬೇಜಾರು ಅದೇ. ಹುಡುಗರು ಸಂಬಳದಲ್ಲಿ ಎಷ್ಟೋ ಪಾಲು ಇದಕ್ಕೇ ಹಾಕುತ್ತಾರೆ.

ಚಳ್ಳಕೆರೆ ಶೇಂಗಾ:
ಅದೇ ದುಡ್ಡಿಗೆ ನಮ್ಮ ಶೇಂಗಾ ತಿನ್ನಿ. 100 ಗ್ರಾಂಗೆ 25 ಗ್ರಾಂ ಪ್ರೋಟೀನ್ ಇದೆ.

ಪಿಬಿ ರೋಡ್ ಟ್ರೈನರ್:
ಅಣ್ಣ, ಅದರಲ್ಲಿ ಅರ್ಧದಷ್ಟು ಎಣ್ಣೆ. 100 ಗ್ರಾಂಗೆ 550ಕ್ಕೂ ಜಾಸ್ತಿ ಕ್ಯಾಲೊರಿ. ಶೇಂಗಾದಲ್ಲೇ 112 ಮುಟ್ಟಿಸಿದರೆ ಹೊಟ್ಟೆ ಬರುತ್ತದೆ.

ಚಳ್ಳಕೆರೆ ಶೇಂಗಾ:
ಶೇಂಗಾ ಒಂದೇ ಅಂದೆನಾ? ಹುರಳಿ, ತೊಗರಿಬೇಳೆ ಇವೆ. ಅವೂ ನೂರಕ್ಕೆ 22ರ ಹತ್ತಿರ.

ಕುಂದವಾಡ ಕೆರೆ ವಾಕರ್:
ಮೇಡಂ, ಹಂಗಾದ್ರೆ ಕಿಡ್ನಿಗೆ ಏನೂ ಆಗಲ್ಲ ಅನ್ನುತ್ತೀರಾ?

ಲ್ಯಾಬ್ ಮೇಡಂ:
ಜಾಸ್ತಿ ಪ್ರೋಟೀನ್ ತಿಂದರೆ ಕಿಡ್ನಿ ಸೋಸುವ ವೇಗ ಏರುತ್ತದೆ. ಕಿಡ್ನಿ ಚೆನ್ನಾಗಿರುವವರಲ್ಲಿ ಅದರಿಂದ ಹಾನಿಯಾದದ್ದು ಪ್ರಯೋಗಗಳಲ್ಲಿ ಕಂಡಿಲ್ಲ. ಆದರೆ ಕಿಡ್ನಿ ಮೊದಲೇ ಸೋತವರಿಗೆ ಇದು ಬೇಡದ ಭಾರ. ಅವರಿಗೆ ಡಾಕ್ಟರು ಕೆಜಿಗೆ 0.6ರಿಂದ 0.8 ಗ್ರಾಂಗೆ ಇಳಿಸುವುದುಂಟು. ಶುರುವಿನಲ್ಲಿ ಯಾವ ನೋವೂ ಇರುವುದಿಲ್ಲ, ಕಷ್ಟ ಇರುವುದೇ ಅಲ್ಲಿ. ಶುಗರ್, ಬಿಪಿ ಇದ್ದವರು ಪರೀಕ್ಷೆ ಮಾಡಿಸದೆ ಪೌಡರ್ ಮುಟ್ಟಬೇಡಿ.

ಗರಡಿ ಹುಡುಗ, ದಾವಣಗೆರೆ:
ನನಗೆ ಮೂತ್ರದಲ್ಲಿ ನೊರೆ ಬರುತ್ತದೆ. ಪ್ರೋಟೀನ್ ಜಾಸ್ತಿಯಾಗಿ ಹೊರಗೆ ಹೋಗುತ್ತಿದೆ ಅಂತ ಜಿಮ್ಮಿನಲ್ಲಿ ಎಲ್ಲರೂ ಅನ್ನುತ್ತಾರೆ.

ಲ್ಯಾಬ್ ಮೇಡಂ:
ಇದನ್ನು ಮೊದಲೇ ಹೇಳಬೇಕಿತ್ತು. ತಿಂದ ಪ್ರೋಟೀನ್ ನೊರೆಯಾಗಿ ಬರುವುದಿಲ್ಲ. ಮೂತ್ರ ರಭಸದಿಂದ ಬಿದ್ದರೂ, ನೀರು ಸಾಲದೆ ಗಾಢವಾಗಿದ್ದರೂ ನೊರೆ ಬರಬಹುದು. ಆದರೆ ದಿನಾ ಬಂದು, ಬೇಗ ಆರದೆ ಹಾಗೇ ನಿಂತರೆ, ರಕ್ತದಲ್ಲೇ ಇರುವ ಅಲ್ಬುಮಿನ್ ಎಂಬ ಪ್ರೋಟೀನ್ ಕಿಡ್ನಿಯಿಂದ ಸೋರುತ್ತಿರಬಹುದು. ಬೆಳಗಿನ ಮೊದಲ ಮೂತ್ರದಲ್ಲಿ ಅಲ್ಬುಮಿನ್ ಕ್ರಿಯಾಟಿನಿನ್ ಅನುಪಾತ ನೋಡಿಸಿ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂ ಒಳಗೆ ಇರಬೇಕು. ಹಿಂದಿನ ದಿನ ಜಿಮ್ ಬಿಡಿ, ಜೋರು ವ್ಯಾಯಾಮದಿಂದಲೂ ಸ್ವಲ್ಪ ಸೋರುತ್ತದೆ. ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋಗಿ. ಜಿಮ್ಮಿನವರು ಶಕ್ತಿಗೆ ಅಂತ ತಗೊಳ್ಳುವ ಕ್ರಿಯಾಟಿನ್ ಪೌಡರ್ ನೀವೂ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ರಕ್ತದ ಕ್ರಿಯಾಟಿನಿನ್ ಅದರಿಂದಲೂ ಏರಬಹುದು.

ಪಿಬಿ ರೋಡ್ ಟ್ರೈನರ್:
ನನ್ನ ಹತ್ತಿರ ಶುಗರ್ ಇರುವ ಇಬ್ಬರು ಬರುತ್ತಾರೆ. ಅವರಿಗೂ ಇದೇ ಪರೀಕ್ಷೆನಾ?

ಲ್ಯಾಬ್ ಮೇಡಂ:
ಹೌದು ಸರ್. ಅವರಿಗೆ ನೊರೆ ಬರಲಿ ಬಿಡಲಿ, ವರ್ಷಕ್ಕೊಂದು ಸಲವಾದರೂ ಮಾಡಿಸಲೇಬೇಕು. ಜೊತೆಗೆ ರಕ್ತದ ಕ್ರಿಯಾಟಿನಿನ್ ಕೂಡ. ರಿಪೋರ್ಟ್ ಬರುವವರೆಗೆ ಅವರಿಗೆ ಪೌಡರ್ ಹೇಳಬೇಡಿ.