ಅಪ್‌ಡೇಟ್: ಅಪ್ಪ ನಿದ್ದೆಯಲ್ಲಿ ಕೂಗಿ ಒದೆಯುವುದಕ್ಕೆ ಕಾರಣ ಸಿಕ್ಕಿತು

ಎಪ್ಪತ್ತರ ಹತ್ತಿರದ ಅಪ್ಪ ಬೆಳಗಿನ ಜಾವ ಕನಸಿನಲ್ಲೇ ಕೂಗಿ, ಕೈಕಾಲು ಬೀಸಿ ಅಮ್ಮನಿಗೆ ಏಟು ಬೀಳುತ್ತಿದೆ ಅಂತ ಇಲ್ಲಿ ಕೇಳಿದ್ದೆ. ಸಂಜೆ ಕಾಫಿ ಬಿಡಿಸಿದೆವು, ಮಲಗುವ ಮೊದಲು ಬಿಸಿ ಹಾಲು ಕೊಟ್ಟೆವು. ಏನೂ ಬದಲಾಗಲಿಲ್ಲ.

ಫಲ ಕೊಟ್ಟದ್ದು ನರರೋಗ ತಜ್ಞರಿಗೆ ತೋರಿಸಿ, ರಾತ್ರಿ ಪೂರ್ತಿ ನಿದ್ದೆಯ ಪರೀಕ್ಷೆ ಮಾಡಿಸಿ ಅಂದವರ ಸಲಹೆ. ಅವರಿಗೆ ತುಂಬಾ ಥ್ಯಾಂಕ್ಸ್. ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾದಲ್ಲೂ ಹೀಗಾಗಬಹುದಂತೆ, ಅಪ್ಪನಿಗೆ ಅದಿಲ್ಲ. ಇದು ರೆಮ್ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್. ರೆಮ್ ಅಂದರೆ ಹೆಚ್ಚಾಗಿ ಕನಸು ಬೀಳುವ ನಿದ್ದೆಯ ಹಂತ. ಆಗ ಸ್ನಾಯುಗಳು ಸಡಿಲವಾಗಿ ಸುಮ್ನೆ ಇರಬೇಕು, ಇವರಿಗೆ ಹಾಗಾಗುತ್ತಿಲ್ಲ.

50 ದಾಟಿದ ಗಂಡಸರಲ್ಲಿ ಜಾಸ್ತಿಯಂತೆ. ನನಗೆ ಆಶ್ಚರ್ಯವಾದದ್ದು ಡಾಕ್ಟರ್ ಕೇಳಿದ ಪ್ರಶ್ನೆಗಳು. ಬೀಡಿ ಸೇದ್ತೀರಾ? ತಲೆಗೆ ಪೆಟ್ಟು ಬಿದ್ದಿತ್ತಾ? ಹೊಲಕ್ಕೆ ಔಷಧಿ ಹೊಡೀತಿದ್ರಾ? ಅಪ್ಪ ವರ್ಷಗಟ್ಟಲೆ ಹತ್ತಿಗೆ ಕೀಟನಾಶಕ ಹೊಡೆದವರು. ಅದೇ ಕಾರಣ ಅಂತಲ್ಲ, ಆದರೆ ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಅದೂ ಒಂದು. ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಶುರುವಾಗಬಹುದು. ಹಾಗಂತ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಈಗ ಮೆಲಟೋನಿನ್ (ನಿದ್ದೆಗೆ ಸಂಬಂಧಿಸಿದ ಹಾರ್ಮೋನ್) ಕೊಡುತ್ತಿದ್ದೇವೆ. ಹಾಸಿಗೆ ನೆಲದ ಮೇಲೆ, ಅಮ್ಮ ಬೇರೆ ಮಂಚದಲ್ಲಿ. ಕೂಗಾಟ ಬಹಳ ಕಡಿಮೆಯಾಗಿದೆ. ಈ ತೊಂದರೆ ಇರುವ ಎಷ್ಟೋ ಜನರಿಗೆ ಮುಂದೆ ಪಾರ್ಕಿನ್ಸನ್ಸ್ ಎಂಬ ಮೆದುಳಿನ ಕಾಯಿಲೆ ಬರುತ್ತದೆ ಅಂತ ಕೇಳಿ ಎದೆ ಧಸಕ್ಕೆಂದಿತು. ಕೈ ನಡುಕ, ನಿಧಾನ ನಡಿಗೆ, ವಾಸನೆ ಗೊತ್ತಾಗದಿರುವುದು, ಇವುಗಳ ಮೇಲೆ ಕಣ್ಣಿಡಲು ಹೇಳಿದ್ದಾರೆ. ಆಗಾಗ ತಪಾಸಣೆಗೂ ಹೋಗಬೇಕು.